ಹಳದಿ ಕರ್ಚೀಫು ಹಾಕಿದ ಮಣೆ

ಅಡುಗೆಮನೆಗೆ ಬಣ್ಣ ಹೊಡೆಸಬೇಕೆಂದು ಮೊನ್ನೆ ಭಾನುವಾರ ಸಾಮಾನೆಲ್ಲ ಹೊರಗೆ ಸಾಗಿಸುತ್ತಿದ್ದೆ. ಮೂಲೆಯಲ್ಲಿ ಕಾಯಿ ತುರಿಯುವ ಹಳೆಯ ಮಣೆ ಸಿಕ್ಕಿತು. ಅದರ ಮೇಲೆ ಹರಡಿದ್ದ ಹಳದಿ ಕರ್ಚೀಫನ್ನು ತೆಗೆದು ಮಡಚಿ, ಮಿಕ್ಸಿ ಬಂದ ಮೇಲೆ ಇದಕ್ಕೇನು ಕೆಲಸ ಎಂದು ಮಣೆಯನ್ನು ಗುಜರಿ ರಾಶಿಯ ಕಡೆ ಎತ್ತಿಕೊಂಡು ಹೊರಟೆ. ಹಿತ್ತಲಿನಿಂದ ಅಮ್ಮ ಕೂಗಿದಳು: “ಏಯ್, ಮುಟ್ಟಬೇಡ ಕಣೇ! ಅದು ನೀಮಾ ಸೀಟು!”

ನಮ್ಮ ಕಡೆಯ ಬಸ್ಸಿನಲ್ಲಿ ನೀವು ಓಡಾಡಿದ್ದರೆ ಸೀಟಿನ ಮಹಿಮೆಯನ್ನು ನಾನು ಹೇಳಬೇಕಾಗಿಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫೋ ಟವೆಲ್ಲೋ ಸೀಟಿನ ಮೇಲೆ ಎಸೆದರೆ ಮುಗಿಯಿತು, ಆ ಜಾಗ ನಿಮ್ಮದು. ನನ್ನ ಸೋದರಮಾವ ಒಮ್ಮೆ ಬಾಣಾವರದಲ್ಲಿ ಏನೂ ಸಿಗದೆ ಒಂದು ಕಾಲಿನ ಚಪ್ಪಲಿ ಎಸೆದು ಸೀಟು ಹಿಡಿದಿದ್ದ. ಸೀಟು ಸಿಕ್ಕಿತು, ಇನ್ನೊಂದು ಚಪ್ಪಲಿ ಬಾಗಿಲ ನೂಕಾಟದಲ್ಲಿ ಹೋಯಿತು. ಇರಲಿ, ನಾನು ಹೇಳಹೊರಟಿದ್ದು ನೀಮಾಳ ವಿಷಯ.

ನೀಮಾ ತಾಂಜಾನಿಯಾದ ಕಡಲತೀರದ ಊರಿನವಳು. ಮೈಸೂರಿನಲ್ಲಿ ಓದುವಾಗ ಎರಡು ವರ್ಷ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲೇ ಇದ್ದಳು. ನನಗಿಂತ ಚುರುಕಾಗಿ ಓದಿದಳು, ನನಗಿಂತ ಚುರುಕಾಗಿ ಕನ್ನಡದಲ್ಲಿ ಚೌಕಾಸಿ ಮಾಡಿದಳು. ಪರೀಕ್ಷೆ ಮುಗಿದು ವಿಮಾನಕ್ಕೆ ಇನ್ನು ನಾಲ್ಕೇ ದಿನ ಇದ್ದಾಗ, ಬೇಲೂರು ಹಳೇಬೀಡು ತೋರಿಸದೆ ಕಳಿಸಿದರೆ ನಮ್ಮೂರಿನ ಮರ್ಯಾದೆ ಏನಾಗಬೇಕು ಎಂದು ಅರಸೀಕೆರೆಗೆ ಕರೆತಂದೆ.

ಬೆಳಿಗ್ಗೆ ಅಮ್ಮ, ಪಾಪ, ಅವಳು ತೆಂಗಿನಕಾಯಿಯನ್ನೇ ಕಂಡಿಲ್ಲವೆಂದುಕೊಂಡು ತುರಿಯುವುದನ್ನು ತೋರಿಸಿಕೊಡಲು ಕೂತಳು. ನೀಮಾ ಸುಮ್ಮನೆ ಮಣೆಯನ್ನು ತನ್ನ ಕಡೆ ಎಳೆದುಕೊಂಡು ಕೂತು, ನೋಡನೋಡುತ್ತಿದ್ದಂತೆ ಎರಡು ಹೋಳು ತುರಿದಿಟ್ಟಳು. ಕರಟದ ಕಪ್ಪು ಒಂದು ಚೂರೂ ಬಿದ್ದಿರಲಿಲ್ಲ.

“ನಮ್ಮೂರಲ್ಲೂ ಹೀಗೇ ಆಂಟಿ,” ಎಂದಳು.

ಅಮ್ಮ ನನ್ನ ಕಡೆ ತಿರುಗಿದಳು. ಇಪ್ಪತ್ಮೂರು ವರ್ಷವಾದರೂ ಕಾಯಿಯ ಜೊತೆ ಬೆರಳನ್ನೂ ತುರಿದುಕೊಳ್ಳುತ್ತಿದ್ದ ಮಗಳು ನಾನು. “ನೋಡಿ ಕಲಿ,” ಎಂದಳು. ಆ ಕ್ಷಣದಿಂದ ಮನೆ ಮಗಳ ಕೆಲಸ ನನ್ನ ಕೈಬಿಟ್ಟಿತು.

ಬೇಲೂರಿನಲ್ಲಿ ನಾನು ಗೈಡಾಗಿ ಬಾಯಿಗೆ ಬಂದದ್ದು ಹೇಳಿದೆ. ಅವಳು ಕೇಳಿಸಿಕೊಳ್ಳದೆ ಶಿಲ್ಪಗಳ ಜಡೆಗಳನ್ನೇ ನೋಡಿದಳು. ಬಸ್‌ಸ್ಟ್ಯಾಂಡಿಗೆ ಬಂದಾಗ ಹಳೇಬೀಡಿನ ಮೇಲೆ ಹಾದುಹೋಗುವ ಬಸ್ಸು ನುಗ್ಗಿ ಬಂತು. “ಹಾಕು, ಹಾಕು!” ಎಂದು ನಾನು ಕಿರುಚಿದೆ. ಅವಳು ಕೈಯಲ್ಲಿದ್ದ ಬಟ್ಟೆಯ ಚೀಲವನ್ನೇ ಕಿಟಕಿಯಿಂದ ಸೀಟಿಗೆ ಎಸೆದಳು.

“ಸೀಟಾಯ್ತಲ್ಲ, ಇನ್ನು ಹತ್ತು ನಿಮಿಷ ಹೊರಡಲ್ಲ ಇದು. ನಮ್ಮ ಕಡೆ ಬಸ್ಸು ನನಗೆ ಗೊತ್ತಿಲ್ವಾ? ಬಾ, ಬಜ್ಜಿ ತಿನ್ನೋಣ,” ಎಂದೆ ನಾನು ಮಹಾಜಾಣೆ.

ಎರಡನೇ ಬಜ್ಜಿ ಬಾಯಲ್ಲಿದ್ದಾಗ ಬಸ್ಸು ಗೇಟು ದಾಟಿತು. ನೀಮಾ ಬಜ್ಜಿ ಕೈಲಿ ಹಿಡಿದೇ ನಿಂತಳು. “ಅದ್ರಲ್ಲಿ ನನ್ನ ಪಾಸ್‌ಪೋರ್ಟ್ ಇದೆ,” ಎಂದಳು.

ನಾನು ಅಲ್ಲೇ ಅಳಲು ಶುರುಮಾಡಿದೆ. ಎರಡು ವರ್ಷದಿಂದ ಮಗಳ ಮುಖ ಕಾಣದ ತಾಯಿ ಅಲ್ಲಿ ದಿನ ಎಣಿಸುತ್ತಿದ್ದರು. ಇಲ್ಲಿ ನಾನು ಬಜ್ಜಿ ತಿನ್ನಿಸಿದ್ದೆ. ಸಿಕ್ಕ ಆಟೋ ಹತ್ತಿ ಬಸ್ಸಿನ ಬೆನ್ನು ಹತ್ತಿದೆವು. “ಹಿಡೀತೀನಿ ಬಿಡಕ್ಕ, ಗಟ್ಟಿಯಾಗಿ ಕೂತ್ಕೊಳ್ಳಿ,” ಎಂದ ಆಟೋದವನು ರಸ್ತೆಯ ಒಂದು ಉಬ್ಬನ್ನೂ ಲೆಕ್ಕಿಸಲಿಲ್ಲ. ಮೂರನೇ ಉಬ್ಬಿಗೆ ಇಬ್ಬರ ತಲೆಯೂ ಮೇಲಿನ ಕಂಬಿಗೆ ಬಡಿಯಿತು. ಅಳುತ್ತಿದ್ದ ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅದೇನಾಯಿತೋ, ಇಬ್ಬರಿಗೂ ನಗು ಶುರುವಾಗಿ ಹೊಟ್ಟೆ ಹಿಡಿದುಕೊಳ್ಳುವ ಹಾಗಾಯಿತು.

“ಸಿಗದಿದ್ರೆ ನಿಮ್ಮನೇಲೇ ಇರ್ತೀನಿ. ಕಾಯಿ ತುರೀತೀನಿ,” ಎಂದಳು ಕಣ್ಣೊರೆಸಿಕೊಳ್ಳುತ್ತ.

“ಅಮ್ಮ ನನ್ನ ಆಚೆ ಹಾಕಿ ನಿನ್ನ ಇಟ್ಕೋತಾಳೆ ಬಿಡು!”

ಹಳೇಬೀಡಿನಲ್ಲಿ ಬಸ್ಸು ನಿಂತಿತ್ತು. ನೂಕಿಕೊಂಡು ಹತ್ತಿದೆವು. ಕಾಲಿಡಲು ಜಾಗವಿಲ್ಲ, ಜನ ಕಂಬಿಗೆ ಜೋತುಬಿದ್ದಿದ್ದಾರೆ. ಆದರೆ ನಡುವೆ ಕಿಟಕಿ ಪಕ್ಕದ ಒಂದು ಸೀಟು ಖಾಲಿ! ಅದರ ಮೇಲೆ ನೀಮಾಳ ಚೀಲ, ಎಸೆದದ್ದು ಎಸೆದ ಹಾಗೆಯೇ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಅದಕ್ಕೆ ಅಡ್ಡಲಾಗಿ ಕೈ ಇಟ್ಟುಕೊಂಡಿದ್ದರು.

“ಎಲ್ಲಿ ಹೋಗಿದ್ರವ್ವ? ಬ್ಯಾಲೂರಿಂದ ಕಾಯ್ತಾ ಇವ್ನಿ. ಯಾರ್ನೂ ಕೂರಕ್ಕೆ ಬಿಟ್ಟಿಲ್ಲ.”

“ನಾವು ಬರಲ್ಲ ಅಂತ ಗೊತ್ತಾದ್ಮೇಲೂ?” ನೀಮಾ ಕೇಳಿದಳು.

“ಬರದೆ ಏನ್ಮಾಡ್ತೀರ? ಹಾಕಿದ್ಮೇಲೆ ಬರ್ಲೇಬೇಕಲ್ಲ. ಕೂತ್ಕೋ ಬಾ!”

ನಾವು ಇಳಿಯಬೇಕಾದ ಸ್ಟಾಪೇ ಇದು. ಆದರೂ ನೀಮಾ ಹೋಗಿ ಆ ಸೀಟಿನಲ್ಲಿ ಒಂದು ಗಳಿಗೆ ಕೂತಳು, ಅಜ್ಜಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎದ್ದು, ನಿಂತಿದ್ದವರೊಬ್ಬರನ್ನು ಕೂರಲು ಕರೆದಳು. “ಬ್ಯಾಡ ಬುಡವ್ವ, ಅಭ್ಯಾಸ ಆಗ್ಹೋಯ್ತು,” ಎಂದರು ಆತ. ಇಡೀ ಬಸ್ಸು ನಕ್ಕಿತು.

ಆಮೇಲಿನದು ನನ್ನ ಬದುಕಿನ ಅತ್ಯಂತ ನೆಮ್ಮದಿಯ ಮಧ್ಯಾಹ್ನ. ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಮಲಗಿದೆವು. ಮಾತು ನಿಂತು ಎಷ್ಟೋ ಹೊತ್ತಾದ ಮೇಲೆ ಒಬ್ಬಳು “ಬಜ್ಜಿ” ಎನ್ನುವಳು, ಮತ್ತೆ ಇಬ್ಬರಿಗೂ ನಗು. ಒಳಗಿನ ನಂದಿಗೂ ಕೇಳಿಸಿರಬೇಕು.

ಮಾರನೆಯ ದಿನ ರೈಲಿಗೆ ಹೊರಟಾಗ ನೀಮಾ ಅಡುಗೆಮನೆಗೆ ಓಡಿಹೋಗಿ ತನ್ನ ಹಳದಿ ಕರ್ಚೀಫನ್ನು ಆ ಮಣೆಯ ಮೇಲೆ ಹಾಕಿ ಬಂದಳು. “ಆಂಟಿ, ಸೀಟು ಹಿಡಿದಿದ್ದೀನಿ,” ಎಂದಳು. ಅಮ್ಮ ನಗಲಿಲ್ಲ. “ಆಯ್ತು ಕಣಮ್ಮ,” ಎಂದಳು.

ಅದಾಗಿ ಆರು ವರ್ಷ. ನಾನು ಅದನ್ನೆಲ್ಲ ತಮಾಷೆ ಎಂದುಕೊಂಡಿದ್ದೆ. ಮೊನ್ನೆ ಭಾನುವಾರ ಮಣೆಯನ್ನು ಒರೆಸಿ, ಮತ್ತೆ ಮೂಲೆಯಲ್ಲಿಟ್ಟು, ಮಡಚಿದ ಕರ್ಚೀಫನ್ನು ಅದರ ಮೇಲಿಟ್ಟೆ. ಅಮ್ಮ ಬಂದು ನೋಡಿದಳು.

“ಮಡಚಿ ಇಡಬೇಡ ಕಣೇ, ಹರಡಿ ಹಾಕು. ಮಡಚಿದ್ರೆ ಯಾರೋ ಮರೆತು ಹೋಗವ್ರೆ ಅನ್ಕೋತಾರೆ.”

ಹರಡಿ ಹಾಕಿದೆ.