ಮೊದಲ ಫ್ಲ್ಯಾಶ್
ಮೂಡಲಗಿ ಬಸ್ ಸ್ಟ್ಯಾಂಡಿನ ಎದುರು ಫೋಟೋ ಸ್ಟುಡಿಯೋ ಇಟ್ಟಿರುವ ಭೂಪಾಲ ಕಾಕಾ, ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಎತ್ತಿ ಹಿಡಿದು, ಮೊದಲು ಬರಿಯ ಫ್ಲ್ಯಾಶಿನ ಗುಂಡಿ ಒತ್ತುತ್ತಾರೆ. ಬೆಳಕಷ್ಟೇ, ಫೋಟೋ ಇಲ್ಲ. ಗಿರಾಕಿ ಹೌಹಾರಿ ಕಣ್ಣು ಪಿಳುಕಿಸಿ ಮುಗಿಸಿದ ಮೇಲೆಯೇ ಖರೆ ಫೋಟೋ. ರೇಷನ್ ಕಾರ್ಡಿನ ಫೋಟೋಕ್ಕೆ ಬಂದ ಕೌಜಲಗಿಯ ಶೆಟ್ಟೆವ್ವ, "ಮೊದಲನೇದ್ದು ಭಾಳ ಹೊತ್ತ ಉರೀತ್ರಿ, ಎರಡನೇದ್ದು ಹತ್ತಿದ್ದ ಗೊತ್ತಾಗಲಿಲ್ಲ" ಎಂದರೆ ಕಾಕಾ ನಗುವುದಿಲ್ಲ. "ಎರಡೂ ಅಷ್ಟ ಹೊತ್ತ, ಯವ್ವಾ. ಹೊಸಾದು ಕಂಡರ ತಲಿ ಅದನ್ನ ಹಿಗ್ಗಿಸಿ ನೋಡತೈತಿ, ಕಂಡಿದ್ದನ್ನ ಲಗೂನ ದಾಟತೈತಿ" ಎನ್ನುತ್ತಾರೆ. ಮದುಮಗನಿಗೂ, ಊರ ಪುಢಾರಿಗೂ, ತೊಟ್ಟಿಲ ಕೂಸಿಗೂ, ಓಟದ ಶರತ್ತು ಗೆದ್ದ ಎತ್ತಿನ ಜೋಡಿಗೂ ಒಂದೊಂದು ಖಾಲಿ ಫ್ಲ್ಯಾಶ್ ಆಗಲೇಬೇಕು. ಒಮ್ಮೆ ಕಲ್ಲೋಳಿಯಲ್ಲಿ ತೀರಿಕೊಂಡ ಮುದುಕಿಯನ್ನು ಗೋಡೆಗೆ ಒರಗಿಸಿ, ಹಾರ ಹಾಕಿ, ಫೋಟೋಕ್ಕೆಂದು ಕಾಕಾನನ್ನು ಕರೆಸಿದ್ದರು. ಅಲ್ಲಿಯೂ ಅವರು ಮೊದಲು ಖಾಲಿ ಫ್ಲ್ಯಾಶನ್ನೇ ಹೊಡೆದರು. "ಸತ್ತವರು ಕಣ್ಣ ಪಿಳುಕಸ್ತಾರೇನ್ರಿ ಕಾಕಾ?" ಎಂದು ಮಗ ಸಿಡುಕಿದ. ಕಾಕಾ ಕ್ಯಾಮೆರಾ ಎತ್ತಿ ಹಿಡಿದು, "ಎಂಬತ್ತ ವರ್ಷದಾಗ ಆಯಿಗೆ ಇದು ಮೊದಲನೇ ಫೋಟೋ ಅಲ್ಲೇನಪಾ?" ಎಂದರು.