ಮಕ್ಕಳ ಗುಳಿಗಿ

ಮಾನಮ್ಮ, ನಿನಗೆ ಬಸಿರು ನಿಲ್ಲದಂತೆ ಗುಳಿಗೆ ಕೊಟ್ಟವಳು ನಾನು. ನಿನಗೆ ಬೇಕಿದ್ದುದು ಬೇರೆ ಎಂದು ತಿಳಿದ ಮೇಲೂ ಬಾಯಿ ಬಿಡದವಳು — ಅವಳೂ ನಾನೇ.

ಶಹಾಪುರದಿಂದ ಬಳೆ ಬುಟ್ಟಿ ಹೊತ್ತು ವನದುರ್ಗದ ಓಣಿ ತಿರುಗುತ್ತಿದ್ದ ಕಾಲ. ಕಾಲುವೆಗೆ ನೀರು ಬಂದು ಜೋಳದ ಹೊಲಗಳೆಲ್ಲ ಗದ್ದೆಯಾಗಿದ್ದವು. ಬಸಿರಿ ಬಗ್ಗಿ ನಾಟಿ ಹಚ್ಚುವುದು ಹೇಗೆ? ಹೆಂಗಸರಿಗೆ ಗುಳಿಗೆ ಬೇಕಿತ್ತು. ಮೆಡಿಕಲ್ ಅಂಗಡಿಯ ಗಂಡಸಿನ ಮುಂದೆ ಕೇಳಲು ನಾಚಿಕೆ. ಬಳೆಗಳ ಅಡಿಗಿಟ್ಟು ನಾನೇ ತಂದೆ. ಅತ್ತೆಯರ ಕಣ್ಣಿಗೆ ಬಿದ್ದರೂ ಸಿಕ್ಕಿಬೀಳದ ಹೆಸರು ಬೇಕಲ್ಲ — ‘ಮಕ್ಕಳ ಗುಳಿಗಿ’ ಎಂದು ಹೆಸರಿಟ್ಟೆ.

“‘ಮಕ್ಕಳಾಗ್ಲಿ ಅಂತ ನುಂಗಾಕತ್ತೇನ್ರಿ ಅತ್ತಿ’ ಅನ್ರಿ. ಆಕಿನ ಮ್ಯಾಲ ತುಪ್ಪಾನೂ ಹಾಕ್ತಾಳ” ಎಂದು ಹೇಳಿಕೊಟ್ಟೆ.

ಎಲ್ಲರೂ ನಕ್ಕರು. ನನ್ನ ಜಾಣತನಕ್ಕೆ ನಾನೂ ಹಿಗ್ಗಿದೆ.

ನೀನು ಸುರಪುರದ ಕಡೆಯಿಂದ ಹೊಸದಾಗಿ ಬಂದ ಸೊಸೆ. ಆ ನಗೆಯ ಒಳಗುಟ್ಟು ನಿನಗೆ ಯಾರೂ ಹೇಳಿರಲಿಲ್ಲ. “ಯಕ್ಕಾ, ನನಗೂ ಮಕ್ಕಳ ಗುಳಿಗಿ ಕೊಡು” ಎಂದು ಕೈ ಚಾಚಿದಿ. ಯಾಕೆ ಬೇಕೆಂದು ಗಿರಾಕಿಯನ್ನು ಕೇಳಬಾರದು — ಹಾಗಂತ ಆಗ ಕಂಡವರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ಕೊಟ್ಟೆ. ಒಂದು ದಿನವೂ ತಪ್ಪಿಸಬೇಡ ಎಂದೂ ಹೇಳಿದೆ. ನೀನು ತಪ್ಪಿಸಲಿಲ್ಲ.

ವರ್ಷಗಳು ಹೋದವು. ಒಮ್ಮೆ ಬಳೆ ಏರಿಸುವಾಗ ಮೆಲ್ಲಗೆ ಕೇಳಿದಿ: “ಇನ್ನಾ ಎಷ್ಟು ದಿನ ನುಂಗಿದ್ರ ಬಸರು ನಿಲ್ತದ ಯಕ್ಕಾ? ಅವರು ಬ್ಯಾರೆ ಹೆಣ್ಣು ನೋಡಾಕತ್ಯಾರ.”

ಆಗ ತಿಳಿಯಿತು. ಹೇಳಬಹುದಿತ್ತು — ಇನ್ನೂ ಹೊತ್ತು ಮೀರಿರಲಿಲ್ಲ. ಹೇಳಿದ್ದರೆ ಓಣಿಯ ಅತ್ತೆಯರೆಲ್ಲ ಸೇರಿ ನನ್ನನ್ನು ಊರು ಬಿಡಿಸುತ್ತಿದ್ದರು. ಉಳಿದ ಹೆಂಗಸರ ಮಾನ ಉಳಿಸಿದೆ ಅಂತ ಆಮೇಲೆ ನನಗೆ ನಾನೇ — ಸುಳ್ಳು. ಉಳಿಸಿಕೊಂಡದ್ದು ನನ್ನ ವ್ಯಾಪಾರ.

“ನಿನ್ನ ಮೈಗಿ ಒಗ್ಗಿಲ್ಲವ್ವ, ಬಿಟ್ಟಬಿಡು. ಕೊಡೇಕಲ್ಲ ಗುಡಿಗಿ ಹೋಗಿ ಹರಕಿ ಹೊರು” ಅಂದುಬಿಟ್ಟೆ.

ನೀನು ಗುಳಿಗೆ ಬಿಟ್ಟರೂ ಅವರು ಕಾಯಲಿಲ್ಲ; ಗಂಡ ಆಗಲೇ ನಿನ್ನ ಮಗ್ಗುಲು ಬಿಟ್ಟಿದ್ದ. ಅವನ ಎರಡನೇ ಮದುವೆಗೆ ಹಸಿರು ಬಳೆ ತೊಡಿಸಲು ನನ್ನನ್ನೇ ಕರೆದರು. ಹೋದೆ. ಮನೆಯ ಹೆಂಗಸರ ಸಾಲಿನಲ್ಲಿ ನೀನೂ ಕೈ ನೀಡಿದಿ. ನಿನ್ನ ಅತ್ತೆ, “ಬಂಜಿ ಕೈಗಿ ಹಸರು ಬಳಿ ಯಾಕ?” ಎಂದಳು. ನೀನು ಕೈ ಹಿಂದೆಳೆದುಕೊಂಡಿ. ನಾನು — ಮುಂದಿನವಳ ಮಣಿಕಟ್ಟು ಹಿಡಿದೆ.

ಈಗ ಯಾರು ಕೇಳಿದರೂ ‘ಬಸಿರು ನಿಲ್ಲದ ಗುಳಿಗೆ’ ಎಂದೇ ಬಾಯಿಬಿಟ್ಟು ಹೇಳುತ್ತೇನೆ; ನಾಚುವವರು ನಾಚಲಿ. ಈ ಶ್ರಾವಣದಲ್ಲಿ ವನದುರ್ಗಕ್ಕೆ ಬಂದು, ನಿನ್ನ ಗಂಡ, ಸವತಿ, ಅವಳ ಮಕ್ಕಳು ಎಲ್ಲರೂ ಇರುವಾಗ, ಇದಿಷ್ಟನ್ನೂ ನಿಮ್ಮ ಬಾಗಿಲಲ್ಲಿ ನಿಂತು ಹೇಳುತ್ತೇನೆ. ನೀನು ಉಗುಳಿದರೆ ಒರೆಸಿಕೊಳ್ಳುವುದಿಲ್ಲ. ‘ಈಗ ಹೇಳಿದರೆ ನನಗೇನು ಬಂತು’ ಎಂದು ಕೇಳಬೇಡ, ಮಾನಮ್ಮ. ನಿನ್ನ ಮುಟ್ಟು ನಿಂತು ಎಷ್ಟೋ ವರ್ಷವಾಯಿತಂತೆ.