ಕಸದ ಗಾಡಿಯ ಬೋರಕ್ಕ ಸಾರಿದ ಸಭೆ

ಬೆಳಗಿನ ಆರು ಗಂಟೆ. ಮದ್ದೂರಿನ ಪೇಟೆ ಬೀದಿಯಲ್ಲಿ ಹೂವಿನವರನ್ನು ಬಿಟ್ಟರೆ ಯಾರೂ ಇನ್ನೂ ಅಂಗಡಿ ತೆರೆದಿಲ್ಲ. ಕಸದ ಆಟೊವನ್ನು ಓಣಿಯ ಬಾಯಿಗೆ ನಿಲ್ಲಿಸಿ ಚಿಕ್ಕಬೋರಮ್ಮ ಕೆಳಗಿಳಿಯುತ್ತಾರೆ. ಬಕೆಟ್ ಹಿಡಿದು ಕಾದಿದ್ದ ಮಾಯಮ್ಮನಿಂದ ಹಸಿಕಸ ಇಸಿದುಕೊಂಡು, ಅದರೊಳಗಿಂದ ಹಾಲಿನ ಕವರೊಂದನ್ನು ಎತ್ತಿ ತೋರಿಸುತ್ತಾರೆ.

“ಇದು ಒಣಕಸ ಕಣಮ್ಮ. ದಿನಾ ಏಳಿಸ್ಕತೀಯಲ್ಲ ನೀನು!”

“ಮೊಮ್ಮಗಳು ಆಕವ್ಳೆ ಬುಡು ಬೋರಕ್ಕ” ಎಂದು ಮಾಯಮ್ಮ ನಗುತ್ತಾರೆ.

ಊರಿಗೆಲ್ಲ ಚಿಕ್ಕಬೋರಮ್ಮ ಬೋರಕ್ಕ. ತವರು ಕೊಕ್ಕರೆ ಬೆಳ್ಳೂರಿನ ಕಡೆ. ಗಂಡ ಚಲುವರಾಜು ಎಳನೀರು ಮಾರುಕಟ್ಟೆಯಲ್ಲಿ ಲೋಡು ಹೊರುತ್ತಿದ್ದರು. ಸೊಂಟ ಹಿಡಿದ ಮೇಲೆ ಮನೆ ಸೇರಿದರು. ಬೋರಕ್ಕ ಪುರಸಭೆಯ ಕೆಲಸಕ್ಕೆ ಸೇರಿ ಪೊರಕೆ ಹಿಡಿದರು. ನಲವತ್ತು ದಾಟಿದ ಮೇಲೆ, ಹೆಂಗಸರಿಗೆ ಆಟೊ ಕಲಿಸುತ್ತಾರಂತೆ ಎಂದು ತಿಳಿದು ಹೆಸರು ಕೊಟ್ಟರು. “ಮೊದುಲ್ನೇ ದಿನವೇ ಗೋಡೆಗೆ ಗುದ್ದುಬುಟ್ಟೆ. ಗಂಡಸ್ರೆಲ್ಲ ನಿಂತ್ಕಂಡು ನಗಾಡಿದ್ರು. ನಗ್ಲಿ ಬುಡಿ, ಗೋಡೆಗೇನಾಗ್ನಿಲ್ಲ.” ಈಗ ದಿನಕ್ಕೆ ಮುನ್ನೂರು ಮನೆಗಳ ಮುಂದೆ ಅವರ ಗಾಡಿ ನಿಲ್ಲುತ್ತದೆ. ಒಡೆದ ಗಾಜು ಅಂಗೈ ಸೀಳಿದ್ದುಂಟು, ಮಹಡಿಯಿಂದ ಎಸೆದ ಕವರು ತಲೆಯ ಮೇಲೆ ಬಿದ್ದದ್ದೂ ಉಂಟು.

ಕೆಲ ತಿಂಗಳ ಹಿಂದೆ ಗಾಡಿಯ ಮೈಕಿನಲ್ಲಿ ಹೊಸದೊಂದು ಧ್ವನಿ ಶುರುವಾಯಿತು: “ಪಟ್ಟಣ ಕೇಂದ್ರದ ಸುಸ್ಥಿರ ಸಾರಿಗೆ ಅಭಿವೃದ್ಧಿ ಕುರಿತು ಸಾರ್ವಜನಿಕ ಸಮಾಲೋಚನಾ ಸಭೆ...” ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ಹೋಗುವ ಖುರ್ಷೀದ್ ಬೇಗಂ ಕಸ ಕೊಡುತ್ತ ಕೇಳಿದರು, “ಅದೇನಕ್ಕಾ ಅದು?”

ಬೋರಕ್ಕನಿಗೂ ಗೊತ್ತಿರಲಿಲ್ಲ. ಆ ಮಧ್ಯಾಹ್ನ, ಯೋಜನೆ ತಯಾರಿಸುತ್ತಿದ್ದ ಖಾಸಗಿ ಸಂಸ್ಥೆಯ ಎಂಜಿನಿಯರ್ ರವಿಚಂದ್ರ ಅವರನ್ನೇ ಹೋಗಿ ಕೇಳಿದರು. ಪೇಟೆಯಲ್ಲಿ ವಾಹನ ಕಡಿಮೆಯಾಗುತ್ತದೆ, ನಡೆಯುವವರಿಗೆ ಫುಟ್‌ಪಾತು, ಸೈಕಲ್ಲಿಗೆ ದಾರಿ ಆಗುತ್ತದೆ ಎಂದರು ಅವರು. ಪೇಟೆಯೊಳಗಿನ ಬಸ್ ಸ್ಟಾಪನ್ನು ಹೆದ್ದಾರಿಯ ಬದಿಗೆ ಸಾಗಿಸುವ ಆಲೋಚನೆಯೂ ಇದೆ ಎಂದರು.

ಕೊನೆಯ ಮಾತು ಬೋರಕ್ಕನ ಮನಸ್ಸಿನಲ್ಲಿ ಕೂತುಬಿಟ್ಟಿತು. ಹೆದ್ದಾರಿಯಿಂದ ಒಳಗೆ ಬರುವ ದಾರಿಯಲ್ಲಿ ದೀಪವಿಲ್ಲ. ಸಂಜೆ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು ಆ ಕತ್ತಲಲ್ಲಿ ನಡೆದು ಬರಬೇಕು. ಮರುದಿನ ಬೋರಕ್ಕ ಮೈಕು ಆರಿಸಿ ತಾವೇ ಕೂಗಿದರು: “ಬಸ್ ಸ್ಟಾಪು ಐವೇ ತಾವ್ಕೆ ಓಯ್ತದಂತೆ ಕಣ್ರಮ್ಮೋ! ಬೇಕೋ ಬ್ಯಾಡ್ವೋ ಏಳಾಕೆ ಬುಧ್ವಾರ ಅನ್ನೊಂದು ಗಂಟೆಗೆ ಬನ್ನಿ!”

“ಹನ್ನೊಂದ್ಗಂಟೆಗೆ ಮಿಷನ್ ಮುಂದೆ ಇರ್ತೀವಲ್ಲಕ್ಕಾ, ಹೆಂಗೆ ಬರೋದು?” ಎಂದರು ಖುರ್ಷೀದ್.

ಹಾಗೇ ಆಯಿತು. ಪುರಸಭೆಯಲ್ಲಿ ನಡೆದ ಬುಧವಾರದ ಸಭೆಗೆ ಬಂದವರೆಲ್ಲ ಬೈಕು, ಕಾರುಗಳಲ್ಲಿ ಬಂದವರು. ಸ್ಟಾಪು ಹೋದರೆ ಅಂಗಡಿ ಮುಂದೆ ಗಾಡಿ ನಿಲ್ಲಿಸಲು ಜಾಗವಾಗುತ್ತದೆ ಎಂಬುದೇ ಹೆಚ್ಚಿನವರ ಮಾತು. ಕಸ ಒಯ್ಯಲು ಬಂದಿದ್ದ ಬೋರಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಸಭೆ ಮುಗಿದಾಗ ರವಿಚಂದ್ರರ ಹತ್ತಿರ ಹೋದರು. “ಸಾ, ಬಸ್ಸತ್ತೋರು ಒಬ್ರೂ ಬಂದಿಲ್ಲ ಸಾ. ಬಾನ್ವಾರ ಇನ್ನೊಂದು ಸಬೆ ಮಡಗಿ. ನಾನು ಕರ್ಕಬತ್ತೀನಿ.”

“ನನಗೂ ಅದೇ ಕೊರೆಯುತ್ತಿತ್ತು. ಆಗಲಿ, ಸ್ಟಾಪಿನ ಹತ್ತಿರವೇ ಮಾಡೋಣ” ಎಂದರು ಅವರು.

ಆದರೆ ಆ ವಾರ ಕಷ್ಟದ್ದಾಯಿತು. ಕಸದ ಗಾಡಿಯಲ್ಲಿ ಪ್ರಚಾರ ನಡೆಯುತ್ತಿದೆ ಎಂದು ಯಾರೋ ದೂರು ಕೊಟ್ಟರು. ಕೆಲಸದ ಉಸ್ತುವಾರಿ ನೋಡುವ ಮೇಸ್ತ್ರಿ ಗಾಡಿಯ ಕೀಲಿ ಕಿತ್ತುಕೊಂಡು ಮತ್ತೆ ಪೊರಕೆ ಕೊಟ್ಟರು. “ಎದೆ ಒಡ್ಕಂಡೋಯ್ತು. ಕೆಲ್ಸ ಓದ್ರೆ ನಮ್ಮ ಯಜಮಾನ್ರ ಔಸ್ದಿ ಎಂಗೆ? ಬಾಯ್ ಮುಚ್ಕಂಡಿರ್ಬೇಕಿತ್ತಾ ಅಂತ್ಲೂ ಅನ್ನುಸ್ತು.” ಆದರೂ ಗುಡಿಸುತ್ತ ಗುಡಿಸುತ್ತಲೇ ಒಂದೊಂದು ಬಾಗಿಲಲ್ಲೂ ನಿಂತು ಹೇಳಿದರು.

ಭಾನುವಾರ ಶಾಮಿಯಾನದ ಕುರ್ಚಿಗಳು ಸಾಲಲಿಲ್ಲ. ಖುರ್ಷೀದ್ ಮೈಕು ಹಿಡಿದರು. “ನನ್ನ ಮಗಳೂ ಗಾರ್ಮೆಂಟ್ಸಿಗೇ ಬರ್ತಾಳೆ. ದೀಪ ಇಲ್ಲದ ದಾರೀಲಿ ನನ್ನ ಮಗಳನ್ನ ನಡೆಸಲ್ಲ ಸಾರ್. ಸ್ಟಾಪು ಅಲ್ಲಿಗೆ ಹೋದ್ರೆ ಅವಳ ಕೆಲಸ ಬಿಡಿಸ್ತೀನಿ, ಅಷ್ಟೇ” ಎಂದರು. ಹಿಂದಿನ ಸಾಲಿನಿಂದ ಹೌದು ಹೌದು ಎಂಬ ದನಿಗಳೆದ್ದವು. ಅಂಗಡಿಯವರಲ್ಲೂ ಇಬ್ಬರು ತಲೆಯಾಡಿಸಿದರು.

ಪರಿಷ್ಕೃತ ನಕ್ಷೆಯಲ್ಲಿ ಬಸ್ ಸ್ಟಾಪು ಇದ್ದಲ್ಲೇ ಇದೆ. ಅದರ ಮುಂದೆ ಬೈಕು ನಿಲ್ಲಿಸುವಂತಿಲ್ಲ. ಫುಟ್‌ಪಾತು ಮಾತ್ರ ಇನ್ನೂ ಕಾಗದದ ಮೇಲೆಯೇ ಉಳಿದಿದೆ. ಬೋರಕ್ಕನಿಗೆ ಕೀಲಿ ಮರಳಿ ಸಿಕ್ಕಿತು, ಬೈಗುಳದ ಜೊತೆಗೆ. ಅಂಗಡಿಯವರೊಬ್ಬರು ಇವತ್ತಿಗೂ ಕಸವನ್ನು ಅವರ ಕೈಗೆ ಕೊಡದೆ ನೆಲದ ಮೇಲಿಟ್ಟು ಒಳಗೆ ಹೋಗುತ್ತಾರೆ.

ಆ ಭಾನುವಾರ ನೀವೇನು ಮಾತಾಡಿದಿರಿ ಎಂದು ಕೇಳಿದರೆ ಬೋರಕ್ಕ ಕೈಗವಸು ಬಿಚ್ಚುತ್ತ ನಗುತ್ತಾರೆ.

“ಎಲ್ಲಿ ಮಾತಾಡನಾ? ಟೀ ಕಪ್ಪು ಎತ್ತಾಕ್ತಿದ್ದೆ. ಮುಂದ್ಲ ಸಬೇಲಿ ಅಂಗಲ್ಲ. ಒಳ್ಳೆ ಸೀರೆ ಉಟ್ಕಂಡೋಗಿ ಕುರ್ಚಿ ಮ್ಯಾಲೆ ಕುಂತ್ಕತೀನಿ. ನಾನೂ ಈ ಊರ್ನೋಳೇ ಅಲ್ವಾ?”